ಉಣ್ಣೆಗೆ ಮೈಲಿಗೆಯಿಲ್ಲ

ನಮ್ಮ ಮನೆತನದಲ್ಲಿ ಉಣ್ಣೆಗೆ ಮೈಲಿಗೆಯಿಲ್ಲ. ಹತ್ತಿಯ ಬಟ್ಟೆಯನ್ನು ದಿನವೂ ಒಗೆದು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಕೋಲಿನಿಂದ ಹರವಿ ಒಣಗಿಸಿದರೆ ಮಾತ್ರ ಅದು ಮಡಿಗೆ ಒದಗುತ್ತದೆ. ಉಣ್ಣೆಗೆ ಆ ಕಟ್ಟಳೆಯಿಲ್ಲ. ಯಾರು ನೂತರೂ, ಯಾರು ನೇಯ್ದರೂ, ಯಾರ ಕೈಯಿಂದ ಬಂದರೂ ಅದನ್ನು ಗಾಳಿಯೇ ಶುದ್ಧಗೊಳಿಸುತ್ತದೆ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅವರು ಪೂಜೆಗೆ ಉಡುತ್ತಿದ್ದುದು ಧಾವಳಿ, ಅಂದರೆ ಉಣ್ಣೆಯ ಮಡಿಬಟ್ಟೆ. ಅವರಿಂದ ನಾನು ಕಲಿತದ್ದು ಸಂಸ್ಕೃತ. ತಾಯಿಯವರಿಂದ ಕಲಿತದ್ದು ಹೆಣಿಗೆ. ಮೊದಲನೆಯದು ಮಧುಗಿರಿಯ ಶಾಲೆಯೊಂದರಲ್ಲಿ ನಿವೃತ್ತಿಯಾಗುವವರೆಗೂ ನನಗೆ ಅನ್ನ ಕೊಟ್ಟಿತು. ಎರಡನೆಯದು ಇಂದಿಗೂ ಕೈಗೆ ಕೆಲಸ ಕೊಡುತ್ತಿದೆ. ಈ ಎರಡು ವಿದ್ಯೆಗಳೂ ಸೇರಿ ಕಳೆದ ವರ್ಷ ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡವೆಂಬುದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಾಗುವಂತಿಲ್ಲ.

ಋತುಗಳು ಬದಲಾದಂತೆ ನನ್ನ ಹೆಣಿಗೆಯೂ ಬದಲಾಗುತ್ತದೆ. ಚೈತ್ರದಲ್ಲಿ ನಮ್ಮೂರಿನ ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಊರಿನ ಮೇಲೆಯೇ ಕಕ್ಕುವಾಗ ಉಣ್ಣೆಯನ್ನು ಮುಟ್ಟಲಾಗದು. ಆಗ ಬಿಳಿಯ ನೂಲಿನಲ್ಲಿ ಜಪದ ಚೀಲ, ದೇವರ ಮಂಟಪದ ತೋರಣ, ನೆರೆಹೊರೆಯ ಹುಡುಗಿಯರು ಕೇಳಿದರೆ ಮೊಬೈಲಿನ ಚೀಲ. ಆಷಾಢದ ಗಾಳಿ ಬಂತೆಂದರೆ ಕೂಸುಗಳಿಗೆ ಕುಲಾವಿ. ಕಾರ್ತಿಕದಿಂದ ಮುಂದೆ ಟೋಪಿ, ಕಿವಿಪಟ್ಟಿ, ಮಫ್ಲರ್. ಬೀದಿಯ ಹಾಲಿನವನಿಂದ ಹಿಡಿದು ದೇವಸ್ಥಾನದ ಅರ್ಚಕರವರೆಗೆ ನನ್ನ ಟೋಪಿ ಹಾಕದ ತಲೆ ನಮ್ಮ ಕೇರಿಯಲ್ಲಿ ಅಪರೂಪ. ದಾರವನ್ನು ಯಾವಾಗಲೂ ಪೇಟೆಯ ಒಂದೇ ಅಂಗಡಿಯಿಂದ ತರುತ್ತಿದ್ದೆ. ಅವರು ಅದನ್ನು ಉಲ್ಲನ್ ಎಂದು ಕೊಡುತ್ತಿದ್ದರು; ನಾನು ಉಣ್ಣೆಯೆಂದು ತೆಗೆದುಕೊಳ್ಳುತ್ತಿದ್ದೆ.

ನನ್ನ ಅಕ್ಕನ ಮನೆ ನನ್ನ ಮನೆಯ ಮಗ್ಗುಲಲ್ಲೇ ಇದೆ, ಹಿತ್ತಿಲು ಒಂದೇ. ಅಕ್ಕ, ಭಾವ, ಶಾಲೆಗಳಲ್ಲಿ ಉಪಾಧ್ಯಾಯರಾಗಿರುವ ಮಗ ಮತ್ತು ಸೊಸೆ, ಇಷ್ಟೇ ಜನ. ಕಳೆದ ವರ್ಷ ಅಕ್ಕನಿಗೆ ದೊಡ್ಡ ಕಾಯಿಲೆ ಬಂತು. ಅದರ ಹೆಸರನ್ನು ಆಕೆ ಇಂದಿಗೂ ಬಾಯಲ್ಲಿ ಹೇಳುವುದಿಲ್ಲವಾದ್ದರಿಂದ ನಾನೂ ಬರೆಯುವುದಿಲ್ಲ. ಔಷಧಿ ಗುಣ ಕೊಟ್ಟಿತು. ಆದರೆ ಮೊಣಕಾಲು ಮುಟ್ಟುತ್ತಿದ್ದ ಆಕೆಯ ಕೂದಲು ಒಂದೆಳೆಯೂ ಉಳಿಯದಂತೆ ಉದುರಿಹೋಯಿತು. ತಲೆಗೆ ಚಳಿ ತಾಗಬಾರದು, ದಿನವೂ ತಲೆಗೆ ನೀರು ಹಾಕಬಾರದು, ನೆಗಡಿ ಕೆಮ್ಮು ಬಂದರೆ ಅದನ್ನು ಚಿಕ್ಕದೆಂದು ಎಣಿಸಬಾರದು ಎಂದು ವೈದ್ಯರು ಖಂಡಿತವಾಗಿ ಹೇಳಿದ್ದರು.

ಸೆರಗು ಹೊದ್ದುಕೊಂಡರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದ್ದೆ.

"ನಮ್ಮಜ್ಜಿ ಹೊದ್ಕೊತಿದ್ಲಲ್ಲ, ಹಾಗಾ?" ಎಂದಳು ಅಕ್ಕ. "ನಿನ್ನ ಭಾವ ಇನ್ನೂ ಗುಂಡುಕಲ್ಲಿನ ಹಾಗೆ ಕೂತಿದಾರೆ ಕಣೇ. ಬೋಳುತಲೆ ಮೇಲೆ ಸೆರಗು ನಾನು ಹಾಕೊಳಲ್ಲ. ಟೋಪಿ ಹಾಕೊತೀನಿ, ಸೋಮಾರಿ ಹುಡುಗರ ಹಾಗೆ."

ನಮ್ಮ ಅಜ್ಜಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡು, ಬದುಕಿದಷ್ಟು ಕಾಲವೂ ಸೆರಗಿನೊಳಗೆ ಮುಖ ಹುದುಗಿಸಿಕೊಂಡವರು. ಆ ಚಿತ್ರ ನಮ್ಮಿಬ್ಬರ ಕಣ್ಣಿನಿಂದಲೂ ಹೋಗಿಲ್ಲ. ಮುಂದೆ ನಾನು ಸೆರಗಿನ ಮಾತೆತ್ತಲಿಲ್ಲ. ಶ್ರಾವಣದಲ್ಲಿಯೇ ಮೆತ್ತನೆಯ ದಾರ ಆರಿಸಿ, ಕಿವಿ ಮುಚ್ಚುವಂತೆ ಟೋಪಿಯೊಂದನ್ನು ಹೆಣೆದುಕೊಟ್ಟೆ. ಉಣ್ಣೆಯಾದ್ದರಿಂದ ಮಡಿಗೂ ಬಾಧಕವಿಲ್ಲವೆಂದು ಆಕೆ ಅದನ್ನು ಹಾಕಿಕೊಂಡೇ ದೇವರ ನೈವೇದ್ಯಕ್ಕೆ ಅಡುಗೆ ಮಾಡತೊಡಗಿದಳು. ನಾಲ್ಕು ತಿಂಗಳು ಒಲೆಯ ಮುಂದೆ ನಿಲ್ಲದೆ ಕೊರಗಿದ್ದ ಅಕ್ಕನ ಮುಖದಲ್ಲಿ ಮತ್ತೆ ಕಳೆ ಬಂತು. ನನ್ನ ಕೈಕೆಲಸ ಸಾರ್ಥಕವಾಯಿತೆಂದು ನಾನೂ ಹಿಗ್ಗಿದೆ.

ಆ ಹಿಗ್ಗು ಕಾರ್ತಿಕದವರೆಗೆ ಉಳಿಯಿತು. ಒಂದು ಸಂಜೆ ತುಳಸೀಕಟ್ಟೆಯಲ್ಲಿ ದೀಪ ಹಚ್ಚಲು ಅಕ್ಕ ಬಾಗಿದಾಗ ಟೋಪಿಯಿಂದ ಬಿಚ್ಚಿ ಜೋತಿದ್ದ ಒಂದು ದಾರದ ತುದಿ ಸೊಡರಿಗೆ ತಗುಲಿತು. ನಾನು ಗಾಬರಿಯಿಂದ ಟೋಪಿಯನ್ನು ಸೆಳೆದುಕೊಂಡೆ. ಅಕ್ಕನಿಗೆ ಏನೂ ಆಗಿರಲಿಲ್ಲ. ಆದರೆ ದಾರದ ತುದಿ ಸುರುಟಿ, ಸಾಸಿವೆ ಕಾಳಿನಂತೆ ಗಟ್ಟಿಯಾದ ಕಪ್ಪು ಗುಂಡಾಗಿತ್ತು. ಪ್ಲಾಸ್ಟಿಕ್ ಚೀಲ ಸುಟ್ಟ ವಾಸನೆ ಹಿತ್ತಿಲೆಲ್ಲ ತುಂಬಿತ್ತು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ತುದಿ ಬೂದಿಯಾಗಿ ಉದುರಬೇಕು. ಧಾವಳಿ ಕೊಳ್ಳುವಾಗ ನಮ್ಮ ತಾಯಿ ಒಂದೆಳೆ ಕಿತ್ತು ದೀಪಕ್ಕೆ ಹಿಡಿದು ಹೀಗೆಯೇ ಪರೀಕ್ಷಿಸುತ್ತಿದ್ದುದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು.

ಅಕ್ಕ ಆ ಗುಂಡನ್ನು ಉಗುರಿನಿಂದ ಒತ್ತಿ ನೋಡಿದಳು. "ಇದು ಉಣ್ಣೆ ಅಲ್ಲ ಕಣೇ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಕೆ ಅದೇ ಗಳಿಗೆಯಲ್ಲಿ ಬಚ್ಚಲಿಗೆ ಹೋಗಿ, ಬೇಡವೆಂದರೂ ಕೇಳದೆ ತಲೆಯ ಮೇಲೆ ನೀರು ಸುರಿದುಕೊಂಡಳು. ಒಳಗೆ ಭಾವ ತಾವು ದಿನವೂ ಜಪಕ್ಕೆ ಕೂರುವ ಆಸನವನ್ನು ತಂದು ನನ್ನ ಮುಂದೆ ಹಿಡಿದರು. ಅದೂ ನಾನು ಹೆಣೆದದ್ದೇ. ಅದರ ಅಂಚಿನ ಎಳೆಯೊಂದನ್ನು ದೀಪಕ್ಕೆ ಹಿಡಿದೆವು. ಅದೂ ಗುಂಡಾಯಿತು.

"ಅಂದ್ರೆ ಇಷ್ಟು ವರ್ಷ ನಾನು ಪ್ಲಾಸ್ಟಿಕ್ ಮೇಲೆ ಕೂತು ಜಪ ಮಾಡಿದೀನಿ" ಎಂದರು ಭಾವ. ಆಮೇಲೆ ನನ್ನ ಮುಖ ನೋಡಿ, "ಹೋಗಲಿ ಬಿಡಮ್ಮ. ಜಪ ಮಾಡಿದ್ದು ನಾನು, ಆಸನ ಅಲ್ಲವಲ್ಲ" ಎಂದು ಸಮಾಧಾನ ಹೇಳಿದರು.

ಭಾವನವರ ಈ ಔದಾರ್ಯ ಅಕ್ಕನ ಬಳಿ ನಡೆಯಲಿಲ್ಲ. ಧನುರ್ಮಾಸ ಹತ್ತಿರ ಬರುತ್ತಿತ್ತು. ಆ ತಿಂಗಳಿಡೀ ಸೂರ್ಯೋದಯಕ್ಕೆ ಮುನ್ನ ದೇವರಿಗೆ ಬಿಸಿ ಹುಗ್ಗಿ ನಿವೇದನವಾಗಬೇಕು. ನಕ್ಷತ್ರಗಳು ಇನ್ನೂ ಬೆಳಗುತ್ತಿರುವಾಗ, ಲೋಕವೆಲ್ಲ ಮುಸುಕು ಹಾಕಿರುವಾಗ, ಹೆಸರುಬೇಳೆ ಹುರಿದ ಪರಿಮಳದೊಡನೆ ಸ್ವಾಮಿಯನ್ನು ಎಬ್ಬಿಸುವ ಆ ಮುಂಜಾವಿಗೆ ಸಮನಾದ ಪುಣ್ಯಕಾಲವನ್ನು ನಾನು ಕಾಣೆ. ಮದುವೆಯಾಗಿ ಬಂದ ವರ್ಷದಿಂದ ಆ ಹುಗ್ಗಿ ಅಕ್ಕನ ಕೈಯದೇ. ಈ ವರ್ಷ ನಾನು ಮಾಡುತ್ತೇನೆ ಎಂದೆ. ಸೊಸೆಯೂ ಹಾಗೆಯೇ ಹೇಳಿದಳು.

"ಈ ವರ್ಷ ಕೈ ಬಿಟ್ರೆ ಮತ್ತೆ ಅದು ನನ್ನ ಕೈಗೆ ಬರಲ್ಲ" ಎಂದಳು ಅಕ್ಕ. "ಕಾಯಿಲೆ ಕೂದಲು ತಗೊಂಡು ಹೋಯ್ತು. ಸೌಟೂ ತಗೊಂಡು ಹೋಗಲಿ ಅಂತೀರಾ?"

"ಹಾಗಾದ್ರೆ ಆ ಟೋಪಿ ಹಾಕ್ಕೊಂಡೇ ಮಾಡು. ಆಪತ್ಕಾಲದಲ್ಲಿ ಎಲ್ಲವೂ ಆಗುತ್ತೆ ಅಂತ ಶಾಸ್ತ್ರವೇ ಹೇಳುತ್ತೆ" ಎಂದರು ಭಾವ.

"ಆಪತ್ತು ಯಾರದು? ನನ್ನದು. ಆಗುತ್ತೋ ಇಲ್ವೋ ಅಂತ ನಾನು ಹೇಳ್ತೀನಿ" ಎಂದು ಅಕ್ಕ ಆ ವ್ಯವಹಾರವನ್ನು ಮುಗಿಸಿದಳು.

ನಾನು ಮನೆಗೆ ಬಂದು ತಂದೆಯವರ ಧರ್ಮಶಾಸ್ತ್ರದ ಪುಸ್ತಕಗಳನ್ನೆಲ್ಲ ಹರವಿಕೊಂಡು ಕುಳಿತೆ. ರೇಷ್ಮೆಗೆ ಏನು, ನಾರಿಗೆ ಏನು, ತೊಗಲಿಗೆ ಏನು ಎಂಬುದೆಲ್ಲ ಅಲ್ಲಿದೆ. ಮಣ್ಣೆಣ್ಣೆಯ ಸಂತತಿಯಾದ ದಾರಕ್ಕೆ ಏನೆಂಬುದನ್ನು ಯಾವ ಋಷಿಯೂ ಹೇಳಿಟ್ಟಿಲ್ಲ. ನೂಲಿನ ಟೋಪಿ ಹೆಣೆದು ನೋಡಿದೆ. ಚಳಿಗೆ ಅದು ಇದ್ದೂ ಇಲ್ಲದಂತೆ. ಉಳಿದದ್ದು ಒಂದೇ ದಾರಿ: ನಿಜವಾದ ಉಣ್ಣೆಯ ದಾರವನ್ನು ತರುವುದು. ಇದೇನು ಮಹಾ ಎಂದುಕೊಂಡೆ. ನಮ್ಮ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಕುರಿಯಿಲ್ಲದ ರಸ್ತೆಯುಂಟೆ?

ಮೊದಲು ನಮ್ಮ ಪೇಟೆಯ ಅಂಗಡಿಗೇ ಹೋದೆ. ವಿಷಯ ಹೇಳಿ ಸುಟ್ಟ ಎಳೆಯನ್ನು ತೋರಿಸಿದರೆ ಅಂಗಡಿಯವರು ಅದನ್ನು ಮಗುವಿನ ಹಲ್ಲು ನೋಡುವಂತೆ ನೋಡಿದರು.

"ಅಮ್ಮ, ನಮ್ಮಪ್ಪನ ಕಾಲದಿಂದ ಇದನ್ನೇ ಉಲ್ಲನ್ ಅಂತ ಮಾರ್ತಿರೋದು. ನೀವು ಇದುವರ್ಗೂ ಸುಟ್ಟು ನೋಡಿರ್ಲಿಲ್ಲ, ಅಷ್ಟೇಯ."

"ಕುರಿಯ ಉಣ್ಣೆಯದು ಇಲ್ಲವೆ?"

"ಕುರೀದೇ ಬೇಕು ಅಂದ್ರೆ ಕುರೀನೇ ತಗೋಬೇಕು."

ಕೊರಟಗೆರೆಯಲ್ಲಿ ದಾರದ ಅಂಗಡಿಯಾಕೆ ನನ್ನ ಮಾತನ್ನು ಪೂರ್ತಿ ಕೇಳಿ, ಒಳಗಿನಿಂದ ಅದೇ ದಾರವನ್ನು ಬೇರೆ ಬಣ್ಣದಲ್ಲಿ ತಂದಿಟ್ಟಳು. ಪಾವಗಡಕ್ಕೆ ಹೋಗುವಾಗ ದಾರಿಯುದ್ದಕ್ಕೂ ಸೌರವಿದ್ಯುತ್ತಿನ ಹಲಗೆಗಳ ನೆರಳಿನಲ್ಲಿ ಕುರಿಗಳು ಮೇಯುತ್ತಿದ್ದವು. ಎಲ್ಲವೂ ಮೈತುಂಬ ಉಣ್ಣೆ ಹೊತ್ತವು. ಆದರೆ ಅಲ್ಲಿಯ ಅಂಗಡಿಯಾತ, "ಇದೇ ಉಲ್ಲನಮ್ಮಾ. ಗೊರ್ರೆ ಬೊಚ್ಚು ಎವರು ಕೊಂಟಾರು? ಕುರಿ ಕೂದ್ಲು ಯಾರ್ ತಗಂತಾರೆ?" ಎಂದು ಎರಡು ಭಾಷೆಗಳಲ್ಲಿ ಇಲ್ಲವೆಂದು ಕಳುಹಿಸಿದ. ಹಿಂದಿರುಗುವಾಗ ನಮ್ಮ ಬಸ್ಸನ್ನು ದೊಡ್ಡ ಕುರಿಮಂದೆಯೊಂದು ಅಡ್ಡಗಟ್ಟಿತು. ಚಾಲಕ ಹಾರ್ನ್ ಹೊಡೆದು ಸೋತು, ಎಂಜಿನ್ ಆರಿಸಿ ಕುಳಿತ. ಕಿಟಕಿಯ ಕೆಳಗೆ ಕರಿಯ ಬೆನ್ನುಗಳು ಒಂದಕ್ಕೊಂದು ಉಜ್ಜುತ್ತ ಹರಿಯುತ್ತಿದ್ದವು. ಕೈ ಚಾಚಿದರೆ ಮುಟ್ಟಬಹುದಿತ್ತು. ಸಮುದ್ರದ ನಡುವೆ ಕುಡಿಯಲು ನೀರಿಲ್ಲದವರ ಸಂಕಟ ಏನೆಂಬುದು ನನಗೆ ಅಲ್ಲಿ, ಆ ಬಸ್ಸಿನಲ್ಲಿ ಅರ್ಥವಾಯಿತು.

ಇಷ್ಟರಲ್ಲಿ ಅಕ್ಕನ ಸೊಸೆ ಫೋನಿನಲ್ಲಿಯೇ ಶುದ್ಧ ಉಣ್ಣೆಯೆಂದು ಬರೆದಿದ್ದ ದಾರವನ್ನು ತರಿಸಿದ್ದಳು. ದೀಪಕ್ಕೆ ಹಿಡಿದರೆ ಅರ್ಧ ಬೂದಿಯಾಯಿತು, ಅರ್ಧ ಗುಂಡಾಯಿತು. "ಅರ್ಧ ಮಡಿ ಅತ್ತೆ" ಎಂದು ಆಕೆ ನಕ್ಕಳು; ಅಕ್ಕ ನಗಲಿಲ್ಲ. ಸೊಸೆಯೇ ಹೊರದೇಶದ ಕುರಿಯದೆಂದು ಮತ್ತೊಂದಕ್ಕೆ ಹೇಳಿದಳು. ಅದು ಬರುತ್ತಿದೆ, ಬರುತ್ತಿದೆ ಎಂದು ಫೋನು ತೋರಿಸುತ್ತಲೇ ಇತ್ತು. ಅದು ಬಂದದ್ದು ಶಿವರಾತ್ರಿಯ ನಂತರ, ನಾವೆಲ್ಲ ಫ್ಯಾನಿನ ಕೆಳಗೆ ಕುಳಿತಿದ್ದಾಗ.

ಕೊನೆಗೆ ಶಿರಾ ಪೇಟೆಯಲ್ಲಿ ಒಬ್ಬ ಸಾಬರ ಅಂಗಡಿಯಲ್ಲಿ ಮಾತ್ರ ನನಗೆ ನೇರವಾದ ಉತ್ತರ ಸಿಕ್ಕಿತು. ನಡುವಯಸ್ಸಿನ ಆ ಅಂಗಡಿಯವರು ನನ್ನ ಮಾತು ಮುಗಿಯುವ ಮೊದಲೇ ತಲೆಯಾಡಿಸಿದರು.

"ಅಸಲಿ ಉಣ್ಣೆ ನನ್ಹತ್ರ ಇಲ್ಲಮ್ಮಾ. ಇದೆ ಅಂತ ಸುಳ್ಳು ಹೇಳಿ ನಿಮ್ಮ ದೇವ್ರ ಹತ್ರ ನಾನ್ಯಾಕೆ ಬೈಸ್ಕೊಳ್ಲಿ?"

ಅವರ ತಲೆಯ ಮೇಲಿದ್ದ ಬಿಳಿಯ ನೂಲಿನ ಟೋಪಿಯ ಮೇಲೆ ನನ್ನ ಕಣ್ಣು ಬಿತ್ತು. ಕೈಹೆಣಿಗೆ, ಸುತ್ತು ಸುತ್ತಿಗೂ ದಾರದ ಕಣ್ಣುಗಳು ಸಮನಾಗಿದ್ದವು. ಯಾರು ಹೆಣೆದದ್ದೆಂದು ಕೇಳಿದೆ.

"ನಮ್ಮ ಅಮ್ಮಿ. ಇಲ್ಲೇ ಹಿಂದ್ಗಡೆ ಅವ್ರೆ, ಕರೀಲಾ?"

ಅಂಗಡಿಯ ಹಿಂದಿನ ಪರದೆ ಸರಿಸಿ ಬಂದ ವೃದ್ಧೆಗೆ ನನಗಿಂತ ಹೆಚ್ಚಿನ ವಯಸ್ಸು. ನನ್ನ ಚೀಲದಲ್ಲಿದ್ದ ಕುಲಾವಿಯನ್ನು ತೆಗೆದುಕೊಂಡು ಹಿಂದುಮುಂದು ತಿರುಗಿಸಿ ನೋಡಿ, "ಕೈ ಬಿಗಿ ಜಾಸ್ತಿ. ಕೋಪಿಷ್ಠರಾ ನೀವು?" ಎಂದು ಕೇಳಿದರು.

"ಈಚೆಗೆ" ಎಂದೆ.

ಅವರು ನಕ್ಕು, ಬುಕ್ಕಾಪಟ್ಟಣದ ಕಡೆ ಕಂಬಳಿಗೆ ಉಣ್ಣೆ ನೂಲುತ್ತಿದ್ದ ಒಂದು ಮನೆಯ ಗುರುತು ಹೇಳಿದರು. ಈಗ ನೂಲುತ್ತಾರೋ ಇಲ್ಲವೋ ತಿಳಿಯದೆಂದೂ ಸೇರಿಸಿದರು.

ಮರುದಿನವೇ ಅಲ್ಲಿಗೆ ಹೋದೆ. ತಗಡಿನ ಚಾವಣಿಯ ಮನೆ. ಮುಂದೆ ಜಾಲಿಮುಳ್ಳಿನ ಕುರಿಹಟ್ಟಿ. ಬಾಗಿಲಲ್ಲಿ ಕುಳಿತಿದ್ದ ಹೆಂಗಸಿಗೆ ನನ್ನಷ್ಟೇ ವಯಸ್ಸಿರಬಹುದು. ನಾನು ಬಂದ ಕಾರಣ ಕೇಳಿ ಆಕೆಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಅಮ್ಮೋರೆ, ಉಣ್ಣೆ ಕೇಳ್ಕಂಡು ಯಾರೂ ಬರಾಕಿಲ್ಲ ಈಗ. ಕತ್ತರ್ಸಿದ್ದು ಕತ್ತರ್ಸಿದಂಗೆ ತಿಪ್ಪೆಗೆ ಹಾಕ್ತೀವಿ. ಅಗಾ, ಅಲ್ಲಿ ನೋಡಿ."

ನೋಡಿದೆ. ಗೊಬ್ಬರದ ಗುಂಡಿಯ ಮೇಲೆ, ಮಳೆಬಿಸಿಲಿಗೆ ಹೆಪ್ಪುಗಟ್ಟಿ, ಕರಿಯ ಉಣ್ಣೆ ರಾಶಿಯಾಗಿ ಬಿದ್ದಿತ್ತು. ನಾಲ್ಕು ತಾಲ್ಲೂಕು ಅಲೆದು ನಾನು ಹುಡುಕಿದ್ದು ಅದನ್ನೇ. ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ.

ರಾಟೆ ಅಟ್ಟದ ಮೇಲಿತ್ತು. ಆಕೆ ಅದನ್ನು ಇಳಿಸಲು ಒಪ್ಪಿದಳು. ಬೋಳುತಲೆಗೆ ಹಾಕುವಂಥದು, ಎಳೆಮರಿಯ ಮೊದಲ ಉಣ್ಣೆಯೇ ಆಗಬೇಕು, ಸಣ್ಣಗೆ ನೂಲಬೇಕು, ಕಂಬಳಿಗೆ ಹಾಕುವಂತೆ ಹುಣಸೆಬೀಜದ ಗಂಜಿ ಹಾಕಬಾರದು ಎಂದು ನಾನು ಪಾಠ ಮಾಡುವಂತೆ ಹೇಳಿದೆ. ಅಕ್ಕನ ಕಾಯಿಲೆ, ಹುಗ್ಗಿ, ಮಡಿ ಎಲ್ಲವನ್ನೂ ವಿವರಿಸಿದೆ. ಆಕೆ ಕಿವಿಗೊಟ್ಟು ಕೇಳಿ ಕೊನೆಯಲ್ಲಿ ಒಂದು ಪ್ರಶ್ನೆ ಹಾಕಿದಳು.

"ಅಲ್ಲಾ ಅಮ್ಮೋರೆ, ನಾವು ಮುಟ್ಟಿ ನೂತಿದ್ದು ನಿಮ್ಮ ದೇವ್ರ ಮನೆ ಒಳೀಕೆ ಆಯ್ತದಾ?"

"ಉಣ್ಣೆಗೆ ಮೈಲಿಗೆಯಿಲ್ಲ. ಯಾರು ಮುಟ್ಟಿದರೂ ಶುದ್ಧವೇ" ಎಂದೆ.

"ಹಂಗಾರೆ ನಾನೂ ಉಣ್ಣೆಯಾಗಿ ಹುಟ್ಟಿದ್ರೆ ಚೆಂದಾಗಿರೋದು ಬುಡಿ" ಎಂದು ಆಕೆ ನಗುತ್ತಲೇ ಒಳಗೆ ಹೋಗಿ ನನಗೆ ಮಜ್ಜಿಗೆ ತಂದಳು. ಮಜ್ಜಿಗೆ ಕುಡಿದೆ.

ಒಂದು ವಾರದಲ್ಲಿ ಕಳುಹಿಸುತ್ತೇನೆಂದ ದಾರ ಬರಲಿಲ್ಲ. ಧನುರ್ಮಾಸ ಬಂದೇಬಿಟ್ಟಿತು. ಮೊದಲ ದಿನ ಅಕ್ಕ ಭಾವನವರ ಹಳೆಯ ಧಾವಳಿಯನ್ನು ಮುಂಡಾಸಿನಂತೆ ಸುತ್ತಿಕೊಂಡು ಒಲೆಯ ಮುಂದೆ ನಿಂತಳು. ಸೊಸೆ, "ಅತ್ತೆ, ಹಳೇ ಕಾಲದ ದಿವಾನರ ಹಾಗೆ ಕಾಣ್ತಿದೀರ" ಎಂದಳು. ಅಕ್ಕನಿಗೂ ನಗು ಬಂತು. ನಕ್ಕ ರಭಸಕ್ಕೆ ಮುಂಡಾಸು ನುಣ್ಣನೆಯ ತಲೆಯ ಮೇಲೆ ನಿಲ್ಲದೆ ಕಣ್ಣಿನ ಮೇಲೆ ಜಾರಿ, ಅದರ ಒಂದು ತುದಿ ಹುಗ್ಗಿಯ ಪಾತ್ರೆಯ ಅಂಚಿಗೆ ಬಂದು ನಿಂತಿತು. ಬೆಂಕಿ, ಬಟ್ಟೆ, ಕಣ್ಣು ಕಾಣದ ಅಕ್ಕ. ಭಾವ ಪೂಜೆಯ ನಡುವೆಯೇ ಎದ್ದು ಬಂದರು. ಅಂದಿನಿಂದ ಧಾವಳಿಯೂ ಹೋಯಿತು. ಆಕೆ ಬರಿಯ ತಲೆಯಲ್ಲಿಯೇ ಆ ಚಳಿಯಲ್ಲಿ ಅಡುಗೆ ಮಾಡಿದಳು. ನಾನು ಪಕ್ಕದಲ್ಲಿ ನಿಂತು, ಆ ಮಿನುಗುವ ತಲೆಯ ಹಿಂಭಾಗದಲ್ಲಿ ಚಳಿಗೆ ಗುಳ್ಳೆಗಳೆದ್ದುದನ್ನು ನೋಡುತ್ತ, ದೇವರ ಮೇಲಲ್ಲ, ಜಗತ್ತಿನ ಸಮಸ್ತ ದಾರದ ಅಂಗಡಿಗಳ ಮೇಲೆ ಹಲ್ಲು ಕಡಿಯುತ್ತಿದ್ದೆ.

ಬುಕ್ಕಾಪಟ್ಟಣಕ್ಕೆ ಫೋನು ಮಾಡಿದರೆ, "ಬಸ್ಸಿನ ಡ್ರೈವರಿಗೆ ಕೊಟ್ಟು ಕಳ್ಸಿವ್ನಲ್ಲಾ ಅಮ್ಮೋರೆ, ಬಂದಿಲ್ವಾ?" ಎಂಬ ಉತ್ತರ. ನಮ್ಮ ಕಡೆ ಮದುವೆಯ ಕರೆಯೋಲೆಯಿಂದ ಹಿಡಿದು ಮೆಣಸಿನಕಾಯಿ ಚೀಲದವರೆಗೆ ಎಲ್ಲವೂ ಬಸ್ಸಿನ ಡ್ರೈವರುಗಳ ಕೈಯಲ್ಲೇ ಹೋಗಿಬರುತ್ತವೆ. ಆತ ನನ್ನ ಪೊಟ್ಟಣವನ್ನು ಮಧುಗಿರಿಯಲ್ಲಿ ಇಳಿಸಲು ಮರೆತಿದ್ದ. ಅದು ಪಾವಗಡದ ಬಸ್ ನಿಲ್ದಾಣದ ಒಂದು ಹೂವಿನ ಅಂಗಡಿಯಲ್ಲಿ ಉಳಿದಿತ್ತು.

ಈ ನಡುವೆ ಅಕ್ಕನಿಗೆ ಕೆಮ್ಮು ಹತ್ತಿತು. ಒಂದು ಬೆಳಗ್ಗೆ ಆಕೆಗೆ ಏಳಲಾಗಲಿಲ್ಲ. ವೈದ್ಯರನ್ನು ಕೇಳಿದರೆ ನಮ್ಮನ್ನೆಲ್ಲ ಬೈಯುತ್ತಾರೆಂದು ಗೊತ್ತಿದ್ದೂ ಕೇಳಿದೆವು, ಬೈಸಿಕೊಂಡೆವು. ಅಂದು ಹುಗ್ಗಿಯನ್ನು ನಾನು ಮಾಡಿದೆ. ನಿವೇದನವಾದ ಮೇಲೆ ಪ್ರಸಾದವನ್ನು ಬೆಳ್ಳಿಬಟ್ಟಲಲ್ಲಿ ತೆಗೆದುಕೊಂಡು ಹೋದರೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬಹಳ ಹೊತ್ತಿನ ಮೇಲೆ ಎದ್ದು, ಕಣ್ಣಿಗೊತ್ತಿಕೊಂಡು, ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

"ಮೆಣಸು ಸಾಲದು" ಎಂದಳು. ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಭಾವ ನನ್ನನ್ನು ಹಜಾರಕ್ಕೆ ಕರೆದು ಮೆಲ್ಲನೆ, "ನಾಳೆಯಿಂದ ಅವಳನ್ನ ಒಲೆ ಹತ್ರ ಬಿಡೋದು ಬೇಡ. ಬೇಕಾದ್ರೆ ಬೈಕೊಳ್ಳಲಿ" ಎಂದರು. ಆ ಮನೆಯಲ್ಲಿ ಅವರು ಆಕೆಗೆ ಯಾವುದನ್ನಾದರೂ ಬೇಡವೆಂದದ್ದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಂದೇ.

ಪೊಟ್ಟಣ ಕೈಸೇರಿದ್ದು ಅದೇ ದಿನ ಮಧ್ಯಾಹ್ನ. ಕೂಡಲೇ ಬಿಚ್ಚಿದೆ. ಕರಿಯ ಎಳೆಮರಿಯ ಉಣ್ಣೆ, ಸಣ್ಣಗೆ, ಸೊಗಸಾಗಿ ನೂತಿದ್ದು, ಗಂಜಿಯ ಸೋಂಕೂ ಇಲ್ಲ. ಆದರೆ ಆ ಕರಿಯ ಎಳೆಯ ಜೊತೆಗೆ ಉದ್ದಕ್ಕೂ ಹುರಿಗೊಂಡು ಹೊಳೆಹೊಳೆಯುವ ಒಂದು ಕೆಂಪು ಎಳೆ. ಅದನ್ನು ಸುಟ್ಟು ನೋಡುವ ಅಗತ್ಯವಿರಲಿಲ್ಲ. ನಮ್ಮ ಪೇಟೆಯ ಅಂಗಡಿಯಲ್ಲಿ ಮಾರುವಂಥದೇ ಕುಂಕುಮದ ಬಣ್ಣದ ಉಲ್ಲನ್ ಅದು. ಅದೇ ಬಣ್ಣದಲ್ಲಿ ನಾನೇ ಎಷ್ಟು ಕುಲಾವಿಗಳನ್ನು ಹೆಣೆದಿಲ್ಲ?

ಫೋನಿನಲ್ಲಿ ನನ್ನ ದನಿ ಏರಿತೆಂದು ಸೊಸೆ ಆಮೇಲೆ ಹೇಳಿದಳು.

"ಅಯ್ಯೋ, ಕ್ವಾಪ ಮಾಡ್ಕಬ್ಯಾಡಿ ಅಮ್ಮೋರೆ" ಎಂದಳು ನೂತಾಕೆ. "ಮುತ್ತೈದೆ ತಲೇಗೆ ಬರೀ ಕರೀದು ಹೆಂಗೆ ಕೊಡ್ಲಿ? ಅದೂ ಕಾಯ್ಲೆ ಬಿದ್ದು ಎದ್ದವ್ರಿಗೆ? ನಮ್ಮಲ್ಲಿ ಕೊಡಾಕಿಲ್ಲ. ಅದ್ಕೇಯ ಕೆಂಪೆಳೆ ಸೇರ್ಸಿದ್ದು. ಸೊಸೇನ ಶಿರಾಕ್ಕೆ ಕಳ್ಸಿ ತರ್ಸಿದೆ."

ನಾನು ಗಂಜಿಯನ್ನು ಬೇಡವೆಂದಿದ್ದೆ. ಮರಿಯ ವಯಸ್ಸನ್ನು ಹೇಳಿದ್ದೆ. ದಾರದ ಸಣ್ಣತನವನ್ನು ಹೇಳಿದ್ದೆ. ಶುಭವನ್ನು ಬೆರೆಸಬೇಡ ಎಂದು ಹೇಳಬೇಕೆಂದು ಯಾರಿಗೆ ಹೊಳೆದೀತು? ಫೋನಿಟ್ಟು, ಆ ದಾರದ ಉಂಡೆಯನ್ನು ಮೂಲೆಗೆ ಎಸೆದು ಕುಳಿತುಬಿಟ್ಟೆ.

ಅಕ್ಕ ಗೋಡೆ ಹಿಡಿದುಕೊಂಡು ಹಿತ್ತಿಲಿನಿಂದ ಬಂದು, ಉಂಡೆಯನ್ನು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿದಳು. "ನನ್ನ ಕೂದಲೂ ಇದೇ ಬಣ್ಣ ಇತ್ತು, ಮದುವೆಯಲ್ಲಿ" ಎಂದಳು. ಆಮೇಲೆ ತುದಿಯನ್ನು ಬೆರಳುಗಳ ನಡುವೆ ಹಿಮ್ಮುಖವಾಗಿ ಹೊಸೆದಳು. ಹುರಿ ಸಡಿಲವಾಗಿ, ಕೆಂಪೆಳೆ ಕರಿಯೆಳೆಯಿಂದ ಮೆಲ್ಲನೆ ಬೇರೆಯಾಗಿ ಈಚೆ ಬಂತು.

"ಏನೇ ನೋಡ್ತಾ ಕೂತಿದೀಯ? ಸಂಸ್ಕೃತ ಪದ ಬಿಡಿಸ್ತಿದ್ಯಲ್ಲ, ಇದನ್ನೂ ಬಿಡಿಸು ಬಾ."

ಅದಾದ ಮೇಲೆ ಪ್ರತಿ ಮಧ್ಯಾಹ್ನವೂ ನಮಗೆ ಅದೇ ಕೆಲಸ. ಜಗಲಿಯ ಬಿಸಿಲಿನಲ್ಲಿ ಒಬ್ಬರು ಉಂಡೆ ಹಿಡಿದು ಹಿಮ್ಮುಖವಾಗಿ ತಿರುಗಿಸುವುದು, ಇನ್ನೊಬ್ಬರು ಎರಡು ಎಳೆಗಳನ್ನು ಬೇರ್ಪಡಿಸುತ್ತ ಹೋಗುವುದು. ಕೆಂಪಿನ ಆಸರೆ ತಪ್ಪಿದೊಡನೆ ಕರಿಯೆಳೆ ಮಾರು ಮಾರಿಗೂ ಕಡಿಯುತ್ತಿತ್ತು. ಕಡಿದಲ್ಲೆಲ್ಲ ತುದಿಗಳನ್ನು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದು ಕೂಡಿಸಬೇಕು. ಎಂಜಲು ಮಾಡುವಂತಿಲ್ಲ, ಪಕ್ಕದಲ್ಲಿ ನೀರಿನ ಬಟ್ಟಲು. ನನ್ನ ತಾಳ್ಮೆ ದಾರಕ್ಕಿಂತ ಹೆಚ್ಚು ಸಲ ಕಡಿಯಿತು. ಅಕ್ಕ ಮಾತ್ರ ಕೆಮ್ಮುತ್ತ, ದೇವರನಾಮ ಗುನುಗುತ್ತ ಕುಳಿತಿರುತ್ತಿದ್ದಳು. ಬೆಳಗಿನ ಹುಗ್ಗಿ ನನ್ನ ಕೈಯಲ್ಲಿ ನಡೆಯುತ್ತಿತ್ತು. ಆಕೆ ದಿನವೂ ಮೆಣಸು ಸಾಲದೆನ್ನುತ್ತಿದ್ದಳು. ನಾನು ದಿನವೂ ಹೆಚ್ಚಿಸುತ್ತಿದ್ದೆ. ಕೊನೆಗೆ ಭಾವ ಪ್ರಸಾದ ತಿಂದು ಕಣ್ಣೊರೆಸಿಕೊಂಡರು.

ಟೋಪಿ ಸಿದ್ಧವಾದಾಗ ತಿಂಗಳ ಬಹುಭಾಗ ಕಳೆದಿತ್ತು. ಕೆಮ್ಮೂ ಇಳಿದಿತ್ತು. ಅಕ್ಕ ಒಂದೆಳೆಯನ್ನು ದೀಪಕ್ಕೆ ಹಿಡಿದಳು. ಕೂದಲಿನ ವಾಸನೆ, ಬೂದಿ. ಆಕೆ ಟೋಪಿಯನ್ನು ಕಣ್ಣಿಗೊತ್ತಿಕೊಂಡು ತಲೆಗೆ ಹಾಕಿಕೊಂಡಳು. ಆಕೆ ಮರುದಿನ ಒಲೆಯ ಬಳಿ ಹೋಗಲು ಭಾವನವರೂ ಒಪ್ಪಿದರು.

ಮರುದಿನ ಬೆಳಗ್ಗೆ ಅಕ್ಕ ಬೇಳೆ ಹುರಿಯಲು ನಿಂತಳು, ತಲೆ ತುರಿಸಿತು. ಕೆರೆದುಕೊಂಡಳು. ಮಡಿಯಲ್ಲಿ ತಲೆ ಮುಟ್ಟಿದರೆ ಕೈ ತೊಳೆಯಬೇಕು, ತೊಳೆದು ಬಂದಳು. ಮತ್ತೆ ತುರಿಸಿತು. ಎಳೆಮರಿಯದೇ ಆದರೂ ನಮ್ಮ ಸೀಮೆಯ ಕುರಿ. ಕುರುಚಲು ತಿಂದು ಬೆಳೆದದ್ದು. ಔಷಧಿಯಿಂದ ಸೂಕ್ಷ್ಮವಾದ ಆ ಚರ್ಮಕ್ಕೆ ಅದರ ಒಂದೊಂದು ಕೂದಲೂ ಮುಳ್ಳು. ಕೆರೆಯುವುದು, ತೊಳೆಯುವುದು, ಕೆರೆಯುವುದು, ತೊಳೆಯುವುದು. ಇಷ್ಟರಲ್ಲಿ ಬೇಳೆ ಸೀದು ಹೊಗೆಯಾಯಿತು. ಅಕ್ಕ ಸೌಟು ಕೆಳಗಿಟ್ಟು, ನನ್ನ ಕಡೆ ನೋಡದೆ, "ನೀನೇ ಮಾಡು" ಎಂದಳು. ಮಡಿಗಾಗಿ ಇಷ್ಟೆಲ್ಲ ಪಾಡು ಪಟ್ಟ ಮೇಲೆ ಆಕೆಯ ಬಾಯಲ್ಲಿ ಆ ಎರಡು ಮಾತು ಬಂದದ್ದನ್ನು ಕೇಳಿ ನನಗೆ ಆ ಟೋಪಿಯನ್ನು ಅಲ್ಲಿಯೇ ಒಲೆಗೆ ಹಾಕಿಬಿಡಬೇಕೆನಿಸಿತು.

ಪೂಜೆ ಮುಗಿಸಿ ಎದ್ದ ಭಾವ ತಾವು ಉಟ್ಟಿದ್ದ ಪಟ್ಟೆಮಡಿಯ ಅಂಚನ್ನು ಬೆರಳಲ್ಲಿ ಹಿಡಿದು ಒಂದು ಕ್ಷಣ ನಿಂತರು. ಆಮೇಲೆ ಅದನ್ನು ಬದಲಿಸಿ ಬಂದು ನನ್ನ ಮುಂದೆ ಇಟ್ಟರು.

"ಇದು ರೇಷ್ಮೆ. ಸುಟ್ಟು ನೋಡಬೇಡ, ನಮ್ಮ ಮಾವ ಕೊಟ್ಟಿದ್ದು, ನಿಮ್ಮಪ್ಪ. ಒಳಗಡೆಗೆ ಹಾಕಿ ಹೊಲಿ."

"ಅದು ನಿಮ್ಮ ಒಳ್ಳೇ ಮಡಿ" ಎಂದಳು ಅಕ್ಕ.

"ನನಗೆ ಇನ್ನೊಂದಿದೆ. ನಿನಗೆ ತಲೆ ಒಂದೇ."

ಕತ್ತರಿ ಹಿಡಿದು ಕತ್ತರಿಸಿದೆ. ತಂದೆಯವರು ಕೊಟ್ಟ ಪಟ್ಟೆಯ ಅಂಚಿಲ್ಲದ ಭಾಗವನ್ನು ಟೋಪಿಯ ಒಳಮೈಗೆ ಅಳತೆ ಮಾಡಿ ಸಣ್ಣ ಹೊಲಿಗೆಯಲ್ಲಿ ಕೂಡಿಸಿದೆ. ರೇಷ್ಮೆಗೂ ಮಡಿ, ಉಣ್ಣೆಗೂ ಮಡಿ. ಇಷ್ಟು ಸರಳವಾದ ಸಂಗತಿ ಶ್ರಾವಣದಲ್ಲೇ, ಕಾರ್ತಿಕದಲ್ಲೇ, ಪಾವಗಡದ ಬಸ್ಸಿನಲ್ಲೇ ಏಕೆ ಹೊಳೆಯಲಿಲ್ಲವೆಂದು ಸೂಜಿ ಎಳೆದಾಗಲೆಲ್ಲ ನನ್ನ ಮೇಲೆಯೇ ರೇಗುತ್ತಿದ್ದೆ. ಹೊಲಿದು ಮುಗಿಯುವ ಹೊತ್ತಿಗೆ ಧನುರ್ಮಾಸದಲ್ಲಿ ಒಂದೇ ಒಂದು ಬೆಳಗು ಉಳಿದಿತ್ತು. ಮರುದಿನ ಭೋಗಿ.

ಆ ಬೆಳಗ್ಗೆ ಹಿತ್ತಿಲಿನಿಂದ ನಾನು ಅಡುಗೆಮನೆಯ ಬಾಗಿಲಿಗೆ ಬಂದಾಗ ಅಕ್ಕ ಬೆನ್ನು ಮಾಡಿಕೊಂಡು ಒಲೆಯ ಮುಂದೆ ನಿಂತಿದ್ದಳು. ದೀಪದ ಬೆಳಕಿನಲ್ಲಿ ಆ ಕರಿಯ ಉಣ್ಣೆ, ತುರುಬು ಕಟ್ಟಿದ ಕೂದಲಿನಂತೆ ಕಂಡು, ಒಂದು ಕ್ಷಣ ನಾನು ಬಾಗಿಲಲ್ಲೇ ನಿಂತೆ. ಆಕೆ ತುರಿಸಿಕೊಳ್ಳಲಿಲ್ಲ. ಬೇಳೆ ಸೀಯಲಿಲ್ಲ. ಹುಗ್ಗಿ ಕುದಿದು, ಅದರ ಹಬೆ ಮೇಲೆದ್ದು ಟೋಪಿಯನ್ನು ಮುಸುಕಿತು. ಹಬೆ ತಾಗಿದ ಉಣ್ಣೆಯಿಂದ, ತುಪ್ಪ ಮೆಣಸುಗಳ ಪರಿಮಳವನ್ನೂ ಮೀರಿ, ಮಳೆಯಲ್ಲಿ ನೆನೆದ ಕುರಿಹಟ್ಟಿಯ ವಾಸನೆ ದೇವರ ಮನೆಯವರೆಗೂ ಹರಡಿತು. ಭಾವ ಮಂತ್ರದ ನಡುವೆ ತಡೆದು ಮೂಗು ಮೇಲೆತ್ತಿದರು.

"ಏನು, ಕುರಿ ವಾಸನೆ ಬಂತಾ?" ಎಂದಳು ಅಕ್ಕ ಒಲೆಯ ಮುಂದಿನಿಂದಲೇ. "ಹಾಗಾದ್ರೆ ಅಸಲಿ ಅಂತ ಅರ್ಥ. ನೀವು ಮುಂದಕ್ಕೆ ಹೇಳಿ."

ಭಾವ ಮುಂದಕ್ಕೆ ಹೇಳಿದರು. ಬೆಟ್ಟದ ಹಿಂದೆ ಬೆಳಕು ಮೂಡುವುದರೊಳಗೆ ನಿವೇದನವಾಯಿತು, ಮಂಗಳಾರತಿಯಾಯಿತು. ಅಕ್ಕ ಟೋಪಿ ತೆಗೆಯದೆಯೇ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದಳು. ಏಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಬೆಳ್ಳಿಬಟ್ಟಲಿನಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಸವಿದು, ನನ್ನ ಕಡೆ ತಿರುಗಿದಳು.

"ನೋಡು, ಇವತ್ತು ಮೆಣಸು ಸರಿಯಾಗಿದೆ" ಎಂದಳು.

ಮೆಣಸು ಅಳೆದು ಕುಟ್ಟಿಕೊಟ್ಟವಳು ನಾನು. ನಾನು ಹುಗ್ಗಿ ಮಾಡಿದ ಮೊದಲ ದಿನ ಹಾಕಿದಷ್ಟೇ ಹಾಕಿದ್ದೆ.